ಗುಂಪಿನ ಕೈಬರಹವನ್ನು ಓದಿ

ಪ್ರಿಯ ಮಿತ್ರರೇ,

ಸಾರ್ವಜನಿಕ ಅವಮಾನ ಮತ್ತು ಬಹಿಷ್ಕಾರಗಳ ಚರಿತ್ರೆಯ ಬಗ್ಗೆ ನೀವು ಬರೆದ ಮೊದಲ ಅಧ್ಯಾಯಗಳನ್ನು ಓದಿದೆ. ಶಿಕ್ಷೆಗೊಳಗಾದವರ ಸಂಕಟ ಅವುಗಳಲ್ಲಿ ಮನಮುಟ್ಟುವಂತೆ ಬಂದಿದೆ. ಆದರೆ ಶಿಕ್ಷಿಸಿದವರು ಮಾತ್ರ ‘ಸಮಾಜ’ ಎಂಬ ಒಂದೇ ಪದದ ಮರೆಯಲ್ಲಿ ಅಡಗಿ ಕುಳಿತಿದ್ದಾರೆ. ಅವರನ್ನು ಹೊರಗೆಳೆಯದೆ ಈ ಪುಸ್ತಕ ಪೂರ್ತಿಯಾಗದು.

ಅಥೆನ್ಸನ್ನೇ ನೋಡಿ. ಕ್ರಿ.ಪೂ. 5ನೇ ಶತಮಾನದಲ್ಲಿ ಅಲ್ಲಿನ ಪೌರರು ಬೇಡವಾದ ನಾಯಕನ ಹೆಸರನ್ನು ಮಡಕೆಯ ಚೂರಿನ ಮೇಲೆ ಗೀಚಿ, ಅದನ್ನೇ ಮತವಾಗಿ ಹಾಕಿ ಅವನನ್ನು 10 ವರ್ಷ ಗಡೀಪಾರು ಮಾಡುತ್ತಿದ್ದರು. ಇದನ್ನು ಜನರ ಆಕ್ರೋಶವೆಂದು ಬರೆದು ಮುಂದೆ ಸಾಗುವುದು ಸುಲಭ. ಆದರೆ 1937ರಲ್ಲಿ ಅಥೆನ್ಸಿನ ಕೋಟೆಗುಡ್ಡವಾದ ಆಕ್ರೊಪೊಲಿಸ್‌ನ ಉತ್ತರದ ಇಳಿಜಾರಿನ ಬಾವಿಯೊಂದರಲ್ಲಿ ಅಲ್ಲಿನ ನಾಯಕ ಥೆಮಿಸ್ಟೋಕ್ಲಿಸ್‌ನ ಹೆಸರಿದ್ದ ಸುಮಾರು 190 ಚೂರುಗಳು ಸಿಕ್ಕವು. ಅಕ್ಷರಗಳನ್ನು ಹೋಲಿಸಿದ ವಿದ್ವಾಂಸರಿಗೆ ಅವು ಸುಮಾರು 14 ಜನರ ಕೈಬರಹವೆಂದು ಕಂಡಿತು. ಹಂಚಲೆಂದೇ ಯಾರೋ ಕುಳಿತು ಬರೆದಿಟ್ಟಂತಿದೆ! ಇಂಥ ಕೈಗಳನ್ನು ಹುಡುಕಿ.

ಅಥೆನ್ಸಿನ ಪರವಾಗಿ ಒಂದು ಮಾತು ಹೇಳಲೇಬೇಕು: ಗಡೀಪಾರಾದವನ ಆಸ್ತಿ ಅವನದಾಗಿಯೇ ಉಳಿಯುತ್ತಿತ್ತು, ಅವಧಿ ಮುಗಿದರೆ ಅವನು ಮರಳಬಹುದಿತ್ತು. 1656ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಯಹೂದಿ ಸಮುದಾಯವು 23 ವರ್ಷದ ತತ್ವಜ್ಞಾನಿ ಸ್ಪಿನೋಜಾನನ್ನು ಹೊರಹಾಕಿದಾಗ ಅವಧಿಯೆಂಬುದೇ ಇರಲಿಲ್ಲ. ಅವನೊಡನೆ ಯಾರೂ ವ್ಯವಹರಿಸಬಾರದು, ಒಂದೇ ಸೂರಿನಡಿ ಇರಬಾರದು, ನಾಲ್ಕು ಮೊಳದಷ್ಟು ಹತ್ತಿರ ಸುಳಿಯಬಾರದು, ಅವನು ಬರೆದದ್ದನ್ನು ಓದಬಾರದು ಎಂದಿತು ಆ ಆಜ್ಞೆ. ಈ ನಿಷೇಧಗಳೆಲ್ಲ ಹೊರಹೋದವನಿಗಲ್ಲ, ಒಳಗುಳಿದವರಿಗೆ ಹೇಳಿದವು ಎಂಬುದನ್ನು ಗಮನಿಸಿ. ಬಹಿಷ್ಕಾರವನ್ನು ಪ್ರತಿದಿನ ನಡೆಸಬೇಕಾದವರು ನೆರೆಹೊರೆಯವರೇ, ಮತ್ತು ಅದನ್ನು ಮುರಿದರೆ ತಮಗೂ ಅದೇ ಗತಿಯೆಂಬ ಅಳುಕು ಅವರನ್ನು ಸಾಲಿನಲ್ಲಿ ನಿಲ್ಲಿಸುತ್ತದೆ.

ಫ್ರಾನ್ಸಿನ ಅಧ್ಯಾಯವನ್ನು ಮಾತ್ರ ತಿರುಗಿ ಬರೆಯಿರಿ. ಎರಡನೇ ಮಹಾಯುದ್ಧದಲ್ಲಿ ದೇಶವನ್ನು ಆಕ್ರಮಿಸಿಕೊಂಡಿದ್ದ ಜರ್ಮನ್ನರೊಡನೆ ಸಂಬಂಧವಿಟ್ಟುಕೊಂಡರೆಂಬ ಆರೋಪದ ಮೇಲೆ ಅಲ್ಲಿ ತಲೆ ಬೋಳಿಸಿದ ಹೆಂಗಸರ ಸಂಖ್ಯೆ ಸುಮಾರು 20,000 ಎಂದು ಇತಿಹಾಸಕಾರರ ಅಂದಾಜು. 1944ರ ಆಗಸ್ಟಿನಲ್ಲಿ ಶಾರ್ತ್ರ್ ಪಟ್ಟಣದಲ್ಲಿ ರಾಬರ್ಟ್ ಕಾಪಾ ತೆಗೆದ ಚಿತ್ರದಲ್ಲಿ ಕಂಕುಳ ಕೂಸಿನೊಡನೆ ನಡೆಯುವ ಬೋಳುತಲೆಯ ತಾಯಿಯ ಬಗ್ಗೆ ನೀವು ಪುಟಗಟ್ಟಲೆ ಬರೆದಿದ್ದೀರಿ. ಸುತ್ತ ನಗುತ್ತ ಹೆಜ್ಜೆ ಹಾಕುವವರಿಗೆ ಒಂದು ಸಾಲೂ ಇಲ್ಲ. ಅವರನ್ನು ರಾಕ್ಷಸರಾಗಿಸುವ ಆಸೆ ಬಂದರೆ ತಡೆದುಕೊಳ್ಳಿ. ಆಕ್ರಮಣದ ನಾಲ್ಕು ವರ್ಷ ತುಟಿ ಬಿಚ್ಚದೆ ಬದುಕಿದವರೂ ಆ ಗುಂಪಿನಲ್ಲಿ ಇದ್ದಿರಬೇಕು. ಅವರಲ್ಲೊಬ್ಬರ ಪಕ್ಕದಲ್ಲಿ ನಡೆದಂತೆ ಬರೆದು ಕಳುಹಿಸಿ, ಓದುತ್ತೇನೆ.