ಸೆನೆಟ್ ಸಮೀಕ್ಷೆ: ಕ್ರಮಾಂಕವಷ್ಟೇ ಸಾಲದು

ಮಾನ್ಯ ಸಂಪಾದಕರೇ,

ಫಿಲಿಪ್ಪೀನ್ಸ್‌ನ 24 ಸದಸ್ಯರ ಸೆನೆಟ್‌ನ ಅರ್ಧದಷ್ಟು ಸ್ಥಾನಗಳಿಗೆ ಮೂರು ವರ್ಷಕ್ಕೊಮ್ಮೆ ಚುನಾವಣೆ ನಡೆಯುತ್ತದೆ. ಇಡೀ ದೇಶವೇ ಒಂದು ಕ್ಷೇತ್ರವಾದ್ದರಿಂದ ಪ್ರತಿ ಮತದಾರರೂ ಮತಪತ್ರದಲ್ಲಿ 12 ಹೆಸರುಗಳವರೆಗೆ ಗುರುತಿಸಬಹುದು; ಅತಿ ಹೆಚ್ಚು ಮತ ಪಡೆದ ಮೊದಲ 12 ಮಂದಿ ಗೆಲ್ಲುತ್ತಾರೆ. ಹೀಗಿರುವಾಗ, ಹನ್ನೆರಡನೆಯ ಮತ್ತು ಹದಿಮೂರನೆಯ ಸ್ಥಾನದ ಅಭ್ಯರ್ಥಿಗಳ ನಡುವಿನ ಅಂತರ ಸಮೀಕ್ಷೆಯ ದೋಷಮಿತಿಯೊಳಗೇ (ಅಂಕಿಗಳು ಹೆಚ್ಚುಕಡಿಮೆಯಾಗಬಹುದಾದ ಮಿತಿ) ಇದ್ದರೂ ಮಾಧ್ಯಮಗಳು ಒಬ್ಬರನ್ನು ಗೆಲ್ಲುವವರೆಂದೂ ಇನ್ನೊಬ್ಬರನ್ನು ಸೋಲುವವರೆಂದೂ ಬಿಂಬಿಸುವುದು ಮತದಾರರಿಗೆ ಮಾಡುವ ಅನ್ಯಾಯ. 2025ರ ಮೇ ತಿಂಗಳಲ್ಲಿ, ಸಮೀಕ್ಷೆಗಳು ಮುಂಚೂಣಿಯಲ್ಲಿ ತೋರಿಸದಿದ್ದ ಬಾಮ್ ಅಕಿನೊ ಎರಡನೆಯವರಾಗಿ, ಕಿಕೊ ಪಂಗಿಲಿನನ್ ಐದನೆಯವರಾಗಿ ಆಯ್ಕೆಯಾದರು. ಇನ್ನು ಮುಂದಾದರೂ ಸಮೀಕ್ಷೆಯ ಅವಧಿ, ದೋಷಮಿತಿ ಹಾಗೂ ಅದಕ್ಕೆ ಹಣ ನೀಡಿದವರ ವಿವರವನ್ನು ಅಂಕಿಗಳ ಜೊತೆಯಲ್ಲೇ ಪ್ರಕಟಿಸಬೇಕು. ಆರು ವರ್ಷ ಶಾಸನ ರೂಪಿಸಲಿರುವ ಅಭ್ಯರ್ಥಿಗಳ ನಿಲುವುಗಳಿಗೂ ಅಷ್ಟೇ ಜಾಗ ಕೊಡಬೇಕು.

– ಓರ್ವ ಓದುಗ