ಬೂಸ್ಟರಿನಲ್ಲಿ ದುಡ್ಡು ಉಳಿಸುವವರು ಒಂದು ದಿನ ಡ್ರಿಲ್ ಹಿಡಿಯಲಿ: ಗಣಿ ಸುರಕ್ಷತಾ ಅಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯರೇ,

ನಾನು ಕಲ್ಲು ಕ್ವಾರಿಯಲ್ಲಿ ಡ್ರಿಲ್ಲಿಂಗ್ ಮಾಡುವವನು. ಅರ್ಜಿ ಬರೆದು ಬರೆದು ಸಾಕಾಯಿತು. ನಾನು ಕೇಳುವುದು ಒಂದೇ: ಬಂಡೆಯಲ್ಲಿ ಕೊರೆದು ಮದ್ದು ತುಂಬುವ ಕುಳಿಗೆ ಸರಿಯಾದ ಬೂಸ್ಟರ್ (ಆ ಮದ್ದನ್ನು ಎಬ್ಬಿಸುವ ಸಣ್ಣ ಸಿಡಿಮದ್ದು) ಇಡದಿದ್ದರೆ ಸಿಡಿಸಲು ಬಿಡಬೇಡಿ.

ನಾವು ತುಂಬುವ ಅನ್ಫೋ (ಅಮೋನಿಯಂ ನೈಟ್ರೇಟಿಗೆ ಡೀಸೆಲ್ ಬೆರೆಸಿದ್ದು) ಎಂಥ ಮೊಂಡು ಮದ್ದು ಅಂತ ನಿಮಗೆ ಗೊತ್ತೇ ಇದೆ. ಬರೀ ಕೇಪಿನ (ಡಿಟೋನೇಟರ್) ಹೊಡೆತಕ್ಕೆ ಅದು ಸಿಡಿಯುತ್ತದೆ ಅಂತ ನಂಬೋಕಾಗಲ್ಲ. ಕೇಪು ಬೂಸ್ಟರನ್ನು ಸಿಡಿಸಬೇಕು, ಬೂಸ್ಟರಿನ ಹೊಡೆತ ಮದ್ದನ್ನು ಎಬ್ಬಿಸಬೇಕು. ಪೆಂಟೋಲೈಟ್ ಬೂಸ್ಟರ್ ಇರುವುದೇ ಅದಕ್ಕೆ. ಅದು ಸಾಲದಿದ್ದರೆ ಮದ್ದು ಅರ್ಧಂಬರ್ಧ ಸಿಡಿಯುತ್ತದೆ, ಇಲ್ಲವೇ ಸುಮ್ನೆ ಒಳಗೇ ಉಳಿಯುತ್ತದೆ. ಮೇಲಿಂದ ನೋಡಿದವರಿಗೆ ಬ್ಲಾಸ್ಟ್ ಆಯಿತು ಅಷ್ಟೇ.

ನಮ್ಮಲ್ಲಿ ಆಗಾಗ ಕೇಸರಿ ಬಣ್ಣದ ಹೊಗೆ ಏಳುತ್ತದೆ. ಕುಳಿಯಲ್ಲಿ ನೀರಿದ್ದರೂ ಅದು ಬರುತ್ತದೆ, ಒಪ್ಪುತ್ತೇನೆ. ಆದರೆ ಒಣ ಬೇಸಿಗೆಯಲ್ಲೂ ಬಂದರೆ? ಮದ್ದು ಪೂರ್ತಿ ಸಿಡಿದಿಲ್ಲ ಅಂತಲೇ ನನ್ನ ಅನುಮಾನ. ಆ ಕೇಸರಿ ಹೊಗೆ ನೈಟ್ರೋಜನ್ ಡೈಆಕ್ಸೈಡ್. ಉಸಿರಿಗೆ ಸೇರಿದ ಎಷ್ಟೋ ಗಂಟೆಗಳ ನಂತರ ಶ್ವಾಸಕೋಶಕ್ಕೆ ನೀರು ತುಂಬಿಸಬಲ್ಲದು. 'ಗಾಳಿ ಬಂದರೆ ಹೋಗುತ್ತೆ ಬಿಡಪ್ಪಾ' ಎನ್ನುತ್ತಾರೆ ಸೂಪರ್‌ವೈಸರ್.

ಈ ಸಲದ್ದಂತೂ ತಡೆಯಲಾಗಲಿಲ್ಲ. ಬ್ಲಾಸ್ಟ್ ಆದ ಮರುದಿನ ಹೊಸ ಕುಳಿ ಹಾಕಲು ಹೋದೆ. ಗುರುತು ಹಾಕಿದ ಜಾಗದ ಪಕ್ಕದಲ್ಲೇ ಹಳೆ ಕುಳಿಯ ಬುಡ ಉಳಿದಿತ್ತು. ಮಣ್ಣು ಸರಿಸಿದರೆ ಸಾಬೂದಾನಿಯ ಹಾಗೆ ಬಿಳಿ ಕಾಳು, ಅಂದರೆ ಸಿಡಿಯದ ಅನ್ಫೋ, ಪಕ್ಕದಲ್ಲಿ ಕೇಪಿನ ವೈರು. ಮಷೀನ್ ಆಫ್ ಮಾಡಿದೆ. ಸೂಪರ್‌ವೈಸರ್ ಇಣುಕಿ ನೋಡಿ, 'ಸ್ವಲ್ಪ ಆಚೆ ಹಾಕು' ಎಂದರು. ಸ್ವಲ್ಪ ಅಂದರೆ ಎಷ್ಟು ಸ್ವಾಮಿ? ಉಳಿದ ಮದ್ದಿಗೆ ಡ್ರಿಲ್ಲಿನ ಬಿಟ್ ತಗುಲಿದರೆ ಏನಾಗುತ್ತದೆ ಅಂತ ಡ್ರಿಲ್ ಹಿಡಿದವರಿಗೆಲ್ಲ ಗೊತ್ತು. ಕೊರೆಯಲ್ಲ ಎಂದೆ. ಆ ದಿನದ ಕೂಲಿ ಕಟ್. ನನ್ನ ಜಾಗಕ್ಕೆ ಇನ್ನೊಬ್ಬ ಹುಡುಗನನ್ನು ನಿಲ್ಲಿಸಿದರು. ಅವನ ಪುಣ್ಯ, ಏನೂ ಆಗಲಿಲ್ಲ.

ನಿಯಮ ಏನಿದೆ ಅಂತ ನಾನು ನಿಮಗೆ ಹೇಳಿಕೊಡಬೇಕಾ? ಬುಕ್ಕಿನಲ್ಲಿ ಬೂಸ್ಟರ್ ಲೆಕ್ಕ ಚೆನ್ನಾಗೇ ಇರುತ್ತದೆ. ನಿಮ್ಮ ಜೀಪ್ ಬರುವ ದಿನ ಕುಳಿಯಲ್ಲೂ ಇರುತ್ತದೆ. ಆ ದಿನ ನಮಗೆ ಹೊಸ ಹೆಲ್ಮೆಟ್ ಕೂಡ ಸಿಗುತ್ತದೆ, ಅದಕ್ಕೆ ಥ್ಯಾಂಕ್ಸ್.

ಹೇಳದೆ ಕೇಳದೆ ಬನ್ನಿ. ಆಫೀಸಿನಲ್ಲಿ ಕೂರಬೇಡಿ, ಮದ್ದು ತುಂಬುವಾಗ ಪಕ್ಕದಲ್ಲಿ ನಿಲ್ಲಿ. ಬೂಸ್ಟರ್ ಇಲ್ಲದಿದ್ದರೆ ಬ್ಲಾಸ್ಟ್ ನಿಲ್ಲಿಸಿ. ಸಿಡಿಯದ ಕುಳಿ ಇದೆಯಾ ಅಂತ ಮದ್ದು ಸಿಡಿಸುವ ಬ್ಲಾಸ್ಟರ್ ನೋಡಿ ಸಹಿ ಹಾಕುವವರೆಗೆ ಡ್ರಿಲ್ ಶುರುವಾಗಬಾರದು. ಬೂಸ್ಟರ್ ಇಡಿಸಿ ಸ್ವಾಮಿ, ಅಷ್ಟೇ.

ಇಂತಿ,
ಕೂಲಿ ಕಳೆದುಕೊಂಡ ಡ್ರಿಲ್ಲರ್