ಘಾಟಿಯಲ್ಲಿ ದಮ್ಮು ಕಳೆದುಕೊಳ್ಳುವ ಹಳೇ ಲಾರಿ

ಮಾನ್ಯ ಸಂಪಾದಕರೇ,

ಮಳೆಗಾಲದಲ್ಲಿ ಭಾರಿ ವಾಹನಗಳಿಗೆ ನಿರ್ಬಂಧ ಬಿದ್ದಾಗ ಕೊಡಗಿನ ಹಳೇ ಲಾರಿಗಳು ಕಾಫಿ ಕಣದ ಪಕ್ಕವೋ ಮರದ ಡಿಪೊ ಬಳಿಯೋ ವಾರಗಟ್ಟಲೆ ನಿಂತುಬಿಡುತ್ತವೆ. ಮಳೆ ಬಿಟ್ಟ ಮೇಲೆ ಮೊದಲ ಲೋಡ್ ಹೊತ್ತು ಸಂಪಾಜೆಯಿಂದ ಮಡಿಕೇರಿಗೆ ಏರುವಾಗ ಎಂಜಿನ್ ದೀಪ ಹತ್ತುತ್ತದೆ, ಎರಡನೇ ಗೇರಿನಲ್ಲೂ ಗಾಡಿ ಎಳೆಯುವುದಿಲ್ಲ. ಡೀಸೆಲ್ ಪಂಪ್ ಹೋಗಿದೆ, ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಹೋಗಿದೆ, ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಟರ್ಬೊ ಹೋಗಿದೆ ಎಂಬ ತೀರ್ಪು ಗ್ಯಾರೇಜಿನಲ್ಲಿ ಸಿದ್ಧವಾಗಿಯೇ ಇರುತ್ತದೆ. ಅವನ್ನು ಬಿಚ್ಚುವ ಮೊದಲು ನೋಡಬೇಕಾದ್ದು ಬೇರೆ ಇದೆ.

ಮೊದಲು ದೀಪದ ಬಣ್ಣ. ಆಯಿಲ್ ಪ್ರೆಶರ್ ಅಥವಾ ಟೆಂಪರೇಚರ್‌ನ ಕೆಂಪು ದೀಪ ಹತ್ತಿದರೆ ಅಲ್ಲೇ ನಿಲ್ಲಿಸಿ. ಮುಂದಿನ ತಿರುವಿನವರೆಗೂ ಬೇಡ. ಹಳದಿ ದೀಪವೆಂದರೆ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ತಪ್ಪು ಕಂಡುಹಿಡಿದು, ಎಂಜಿನ್ ಉಳಿಸಲು ಹಲವು ಸಲ ತಾನೇ ಪವರ್ ಕಡಿಮೆ ಮಾಡಿದೆ ಎಂದು. ಮೆಕ್ಯಾನಿಕಲ್ ಪಂಪಿನ ಹಳೇ ಗಾಡಿಗಳಲ್ಲಿ ಈ ಹಳದಿ ದೀಪವೇ ಇಲ್ಲ, ಅಲ್ಲಿ ಹೊಗೆ ನೋಡಬೇಕು: ಕಪ್ಪು ಹೊಗೆಯಾದರೆ ಗಾಳಿ ಸಾಲುತ್ತಿಲ್ಲ, ನೀಲಿಯಾದರೆ ಆಯಿಲ್ ಉರಿಯುತ್ತಿದೆ. ಹೊಗೆಯೂ ಇಲ್ಲ, ಎಳೆತವೂ ಇಲ್ಲವೆಂದರೆ ಡೀಸೆಲ್ಲೇ ಸರಿಯಾಗಿ ಬರುತ್ತಿಲ್ಲ. ಟರ್ಬೊ ಇಲ್ಲದ ಎಂಜಿನ್ ಮಡಿಕೇರಿಯ ಎತ್ತರದಲ್ಲಿ ಸುಮಾರು ಹತ್ತನೇ ಒಂದು ಪಾಲು ಪವರ್ ಕಳೆದುಕೊಳ್ಳುವುದು ಸಹಜ, ಅದನ್ನು ರಿಪೇರಿ ಮಾಡಲು ಹೋಗಬೇಡಿ.

ಅರ್ಧ ಟ್ಯಾಂಕ್ ಡೀಸೆಲ್ ಇಟ್ಟು ನಿಲ್ಲಿಸಿದ ಗಾಡಿಯಲ್ಲಿ ಖಾಲಿ ಭಾಗದ ತೇವ ಬೆವರಾಗಿ ಇಳಿದು ತಳ ಸೇರುತ್ತದೆ. ರಾತ್ರಿಯಿಡೀ ನಿಂತ ಗಾಡಿಯ ಟ್ಯಾಂಕಿನ ಡ್ರೈನ್ ಬೋಲ್ಟ್ ಸಡಿಲಿಸಿ ಮೊದಲ ಅರ್ಧ ಲೀಟರನ್ನು ಪಾರದರ್ಶಕ ಬಾಟಲಿಗೆ ಹಿಡಿದು ಹತ್ತು ನಿಮಿಷ ಬಿಡಿ. ನೀರಿದ್ದರೆ ತಳದಲ್ಲಿ ಗೆರೆ ಕೊರೆದಂತೆ ಬೇರೆಯಾಗಿ ನಿಲ್ಲುತ್ತದೆ. ನೀರು ಡೀಸೆಲ್ ಕೂಡುವಲ್ಲಿ ಕಪ್ಪು ಲೋಳೆ ಕಂಡರೆ ಫಿಲ್ಟರ್ ಕಟ್ಟಿರುವುದೂ ಅದರಿಂದಲೇ. ಟ್ಯಾಂಕ್ ತೊಳೆಯದೆ ಫಿಲ್ಟರ್ ಮಾತ್ರ ಬದಲಿಸಿದರೆ ಅದು ಮತ್ತೆ ಕಟ್ಟುತ್ತದೆ. ಟ್ಯಾಂಕ್ ಮುಚ್ಚಳದ ಗಾಳಿ ತೂತು ಕೆಂಪು ಮಣ್ಣಿನಿಂದ ಮುಚ್ಚಿದ್ದರೂ ಡೀಸೆಲ್ ಸರಿಯಾಗಿ ಬರುವುದಿಲ್ಲ: ಮುಚ್ಚಳ ತೆಗೆದಾಗ ಗಾಳಿ ಒಳಗೆಳೆದುಕೊಳ್ಳುವ ‘ಸುಸ್’ ಸದ್ದು ಬಂದು, ಆಮೇಲೆ ಗಾಡಿ ಚೆನ್ನಾಗಿ ಎಳೆದರೆ ಕಾಯಿಲೆ ಸಿಕ್ಕಿತು.

ಫಿಲ್ಟರ್ ಬದಲಿಸಿದ ಮೇಲೆ ಪೈಪಿನಲ್ಲಿ ಸಿಕ್ಕಿದ ಗಾಳಿ ಬಿಡುವ ಬ್ಲೀಡ್ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಲ್ಲುವವರೆಗೆ ಹ್ಯಾಂಡ್ ಪಂಪ್ ಒತ್ತಿ. ಹಳೇ ಪಂಪಿನಲ್ಲಿ ಏರ್ ತೆಗೆಯಲು ಇಂಜೆಕ್ಟರ್ ಪೈಪಿನ ನಟ್ ಸಡಿಲಿಸುವ ಅಭ್ಯಾಸವನ್ನು ಕಾಮನ್ ರೈಲ್ ಗಾಡಿಗೆ (ಎಲ್ಲ ಇಂಜೆಕ್ಟರಿಗೂ ‘ರೈಲ್’ ಎಂಬ ಒಂದೇ ಪೈಪಿನಿಂದ ಭಾರಿ ಒತ್ತಡದ ಡೀಸೆಲ್ ಹೋಗುವ ಗಾಡಿ) ತರಬೇಡಿ. ಅಲ್ಲಿ ಒತ್ತಡ 1,000 ಬಾರ್ ದಾಟುತ್ತದೆ, ಚಿಮ್ಮಿದ ಡೀಸೆಲ್ ಚರ್ಮ ಸೀಳಿಕೊಂಡು ಒಳಗೆ ಹೋಗುತ್ತದೆ.

ಘಾಟಿ ಲಾರಿಗಳಲ್ಲಿ ಯಾರೂ ನೋಡದ ಜಾಗ ಎಕ್ಸಾಸ್ಟ್ ಬ್ರೇಕ್, ಅಂದರೆ ಇಳಿಜಾರಿನಲ್ಲಿ ಹೊಗೆ ತಡೆದು ಗಾಡಿಯ ವೇಗ ತಗ್ಗಿಸುವ ಬ್ರೇಕ್. ಹೊಗೆ ಪೈಪಿನೊಳಗಿನ ಬಟರ್‌ಫ್ಲೈ ತಟ್ಟೆಗೆ ಕಾರ್ಬನ್ ಮೆತ್ತಿರುತ್ತದೆ; ತಿಂಗಳುಗಟ್ಟಲೆ ತೇವದಲ್ಲಿ ನಿಂತರೆ ಅದರ ಶಾಫ್ಟ್ ತುಕ್ಕಿಗೆ ಹಿಡಿಯುತ್ತದೆ. ಬ್ರೇಕ್ ಬಿಟ್ಟರೂ ತಟ್ಟೆ ಅರ್ಧವೇ ತೆರೆದಿರುತ್ತದೆ. ಆಗ ಆರ್‌ಪಿಎಂ ಏರುವುದಿಲ್ಲ, ಕಪ್ಪು ಹೊಗೆ ಬರುತ್ತದೆ, ಎಂಜಿನ್ ಬಿಸಿಯಾಗುತ್ತದೆ, ಇಸಿಯುನಲ್ಲಿ ದಾಖಲಾದ ತಪ್ಪಿನ ಕೋಡ್ ಓದುವ ಸ್ಕ್ಯಾನರ್ ಮಾತ್ರ ಏನನ್ನೂ ಹೇಳದೇ ಇರಬಹುದು. ಎಂಜಿನ್ ಐಡಲ್‌ನಲ್ಲಿಟ್ಟು ಒಬ್ಬರು ಸ್ವಿಚ್ ಒತ್ತಲಿ, ಇನ್ನೊಬ್ಬರು ಹೊರಗಿನ ಲಿವರ್ ನೋಡಲಿ. ಬಿಟ್ಟ ಕೂಡಲೇ ಅದು ಸ್ಟಾಪರ್‌ವರೆಗೆ ಟಕ್ಕನೆ ಹಿಂದಿರುಗಬೇಕು. ಸೋಮಾರಿಯಂತೆ ಬಂದರೆ ಪೈಪ್ ತಣ್ಣಗಾದ ಮೇಲೆ ಬಿಚ್ಚಿ, ವೈರ್ ಬ್ರಷ್ಷಿನಿಂದ ಕಾರ್ಬನ್ ಉಜ್ಜಿ, ರಿಟರ್ನ್ ಸ್ಪ್ರಿಂಗ್ ನೋಡಿ.

ಗಾಳಿಯ ಕಡೆ, ಏರ್ ಕ್ಲೀನರಿನಲ್ಲಿ ಇಲಿ ಗೂಡು ಕಟ್ಟಿದ್ದರೆ ಆಶ್ಚರ್ಯವಿಲ್ಲ. ಟರ್ಬೊದ ಬಿಸಿ ಗಾಳಿ ತಣಿಸುವ ಇಂಟರ್‌ಕೂಲರಿನ ಹೋಸು (ರಬ್ಬರ್ ಪೈಪ್) ಬಾಗಿದ ಕಡೆ ಬಿರಿದಿದ್ದರೆ ಲೋಡ್ ಬಿದ್ದಾಗ ಮಾತ್ರ ಬಾಯಿ ಬಿಡುತ್ತದೆ. ಕ್ಲಿಪ್ ಹತ್ತಿರ ಆಯಿಲ್ ಜಿನುಗಿದ ಗುರುತೇ ಸಾಕ್ಷಿ.

ನಾಲ್ಕಾರು ದೀಪ ಒಟ್ಟಿಗೆ ಹತ್ತಿದರೆ ಸೆನ್ಸರ್ ಬದಲಿಸಲು ಹೊರಡಬೇಡಿ, ವೋಲ್ಟೇಜ್ ನೋಡಿ. 24 ವೋಲ್ಟ್ ಗಾಡಿಯಲ್ಲಿ ಎಂಜಿನ್ ಓಡುವಾಗ ಸುಮಾರು 27.5ರಿಂದ 28.5 ಇರಬೇಕು. ಮಲ್ಟಿಮೀಟರಿನ ಒಂದು ತುದಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಎಂಜಿನ್ ಬ್ಲಾಕಿಗೆ ಇಟ್ಟು ಸೆಲ್ಫ್ ಹೊಡೆಯಿರಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ಥಿಂಗ್ ಪಟ್ಟಿ ತುಕ್ಕು ಹಿಡಿದಿದೆ. ಇಲಿ ಕಚ್ಚಿದ ವೈರಿಂಗ್ ಇದೆಯೇ ಎಂದೂ ಟಾರ್ಚ್ ಹಾಕಿ ನೋಡಿ.

ಸ್ಕ್ಯಾನರಿನಲ್ಲಿ ಕೋಡ್ ಬಂದರೆ ಬ್ಯಾಟರಿ ಟರ್ಮಿನಲ್ ಕೀಳುವ ಮೊದಲೇ ಫೋಟೊ ತೆಗೆದಿಡಿ. ಕೆಲವು ಗಾಡಿಗಳಲ್ಲಿ ಕಿತ್ತರೆ ಅಳಿಸಿಹೋಗುತ್ತದೆ. ಪಿ0087 ಎಂದರೆ ರೈಲ್ ಒತ್ತಡ ಕಡಿಮೆ ಎಂದಷ್ಟೇ. ಸೆನ್ಸರ್ ಸತ್ತಿದೆ ಎಂದಲ್ಲ. ಕಟ್ಟಿದ ಫಿಲ್ಟರಿಗೂ ಅದೇ ಕೋಡ್ ಬರುತ್ತದೆ. ಆದ್ದರಿಂದ ಗ್ಯಾರೇಜಿನವರು ಪಾರ್ಟ್ ಹೆಸರಿನ ಜೊತೆ ಕೋಡನ್ನೂ ಬಿಲ್ಲಿನಲ್ಲಿ ಬರೆದುಕೊಡಲಿ, ಮಾಲೀಕರೂ ಕೇಳಿ ಪಡೆಯಲಿ. ಎಫ್‌ಸಿಗೆ (ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟ್‌ಗೆ) ಹೋಗುವಾಗ ದೀಪದ ಮೇಲೆ ಕಪ್ಪು ಟೇಪ್ ಅಂಟಿಸುವ ಜಾಣತನ ಇನ್ನಾದರೂ ಸಾಕು.

ಮುಂದಿನ ಮಳೆಗೆ ಗಾಡಿ ನಿಲ್ಲಿಸುವಾಗ ಟ್ಯಾಂಕ್ ಭರ್ತಿ ಮಾಡಿ, ಬ್ಯಾಟರಿಯ ಮೈನಸ್ ತೆಗೆದಿಡಿ. ವಾರಕ್ಕೊಮ್ಮೆ ಅದನ್ನು ಸಿಕ್ಕಿಸಿ ಎಂಜಿನ್ ಬಿಸಿಯಾಗುವಷ್ಟು ಓಡಿಸಿ, ಎಕ್ಸಾಸ್ಟ್ ಬ್ರೇಕ್ ನಾಲ್ಕೈದು ಸಲ ಒತ್ತಿ ಬಿಡಿ.

– ಲಾರಿ ಮೆಕ್ಯಾನಿಕ್‌ಗಳು, ಕುಶಾಲನಗರ